ತಿರುಮಣಿಯ ಸೋಲಾರ್, ತೀತಾದ ನೀರು ಮತ್ತು ‘ಡೇ ಬೈ ಡೇ’

‘ಡೇ ಬೈ ಡೇ’ ಎಂಬುದನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂದರೆ ಹತ್ತನೇ ತರಗತಿಯ ಮಕ್ಕಳು ಹೆಚ್ಚಾಗಿ ಎರಡು ಥರ ಬರೆಯುತ್ತಾರೆ. ಗೈಡ್ ಓದಿದವರು ‘ಮೈ ಇಂಗ್ಲಿಷ್ ಈಸ್ ಇಂಪ್ರೂವಿಂಗ್ ಡೇ ಬೈ ಡೇ’ ಅಂತ ಬರೆದು ಪೆನ್ನು ಮುಚ್ಚುತ್ತಾರೆ. ಗೈಡ್ ಇಲ್ಲದವರು ಸ್ವಲ್ಪ ಹೊತ್ತು ಯೋಚಿಸಿ ‘ಐ ಗೋ ಟು ಸ್ಕೂಲ್ ಡೇ ಬೈ ಡೇ’ ಅನ್ನುತ್ತಾರೆ. ಮೊದಲಿನದಕ್ಕೆ ಅಂಕ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಆದರೂ ನನ್ನ ಪಾಠ ಶುರುವಾಗುವುದು ಆ ಎರಡನೆಯ ವಾಕ್ಯದಿಂದಲೇ. ಅದನ್ನು ಬರೆದ ಮಗು ಹೇಳಲು ತನ್ನದೇ ಒಂದು ಸಂಗತಿ ಹುಡುಕಿಕೊಂಡಿದೆ.

ನಾನು ಇಂಗ್ಲಿಷ್ ಕಲಿಸುವುದು ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ. ಕಂದಾಯದ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆಯವರೇ. ಶಾಲೆ, ಪರೀಕ್ಷೆಯ ಲೆಕ್ಕಕ್ಕೆ ಬಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಒಂದು ಬೇರೆ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿನ ಜೊತೆಗೆ ಮಧುಗಿರಿ ಅಂತ ಪ್ರತ್ಯೇಕ ಹೆಸರು ಬರುವುದು ಇದಕ್ಕೇ. ವರ್ಗಾವಣೆಯ ದೆಸೆಯಿಂದ ನಾಲ್ಕೂ ಕಡೆಯ ಮಕ್ಕಳನ್ನು ಕಂಡಿದ್ದೇನೆ. ಈಗಿರುವುದು ಪಾವಗಡದಲ್ಲಿ.

ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಹತ್ತಕ್ಕೆ ಬರುವಷ್ಟರಲ್ಲಿ ಮಗು ಒಂಬತ್ತು ವರ್ಷ ಆ ಭಾಷೆಯನ್ನು ಓದಿರುತ್ತದೆ. ಆದರೆ ಮನೆಯಲ್ಲಾಗಲಿ, ಸಂತೆಯಲ್ಲಾಗಲಿ, ಬಸ್ಸಿನಲ್ಲಾಗಲಿ ಅದನ್ನು ಆಡುವವರು ಯಾರೂ ಇಲ್ಲ. ದ್ವಿತೀಯ ಭಾಷೆಯ ನೂರು ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರ ಭಯಕ್ಕೆ ಮಕ್ಕಳು ವಾಕ್ಯಗಳನ್ನು ಇಡಿಯಾಗಿ ಬಾಯಿಪಾಠ ಮಾಡುತ್ತಾರೆ. ಹಾಗೆ ಬಾಯಿಪಾಠವಾದದ್ದು ಏಪ್ರಿಲ್ ಮುಗಿಯುವುದರೊಳಗೆ ಮರೆತುಹೋಗುತ್ತದೆ.

‘ಐ ಗೋ ಟು ಸ್ಕೂಲ್ ಡೇ ಬೈ ಡೇ’ ಯಾಕೆ ತಪ್ಪು? ದಿನಾ ಶಾಲೆಗೆ ಹೋಗುವುದರಲ್ಲಿ ಏನೂ ಬದಲಾಗುವುದಿಲ್ಲ. ಸೋಮವಾರ ಹೋದ ಹಾಗೇ ಮಂಗಳವಾರವೂ ಹೋಗುತ್ತೇವೆ. ಅದಕ್ಕೆ ‘ಎವೆರಿ ಡೇ’ ಸಾಕು. ನಿನ್ನೆಗಿಂತ ಇವತ್ತು ಹೆಚ್ಚೋ ಕಡಿಮೆಯೋ ಆಗುವ ಸಂಗತಿ ಇದ್ದರೆ ಮಾತ್ರ ‘ಡೇ ಬೈ ಡೇ’. ಬೆಳೆಯುವುದು, ಇಳಿಯುವುದು, ಹರಡುವುದು, ಸೊರಗುವುದು, ಇಂಥ ಕ್ರಿಯಾಪದಗಳ ಜೊತೆಗೇ ಅದು ಕೂರುತ್ತದೆ. ಮೂರು ಕಡೆ ಆಂಧ್ರ ಇರುವ ಪಾವಗಡದಲ್ಲಿ ಬಹಳ ಮಕ್ಕಳ ಮನೆಮಾತು ತೆಲುಗು. ಅವರಿಗೆ ‘ರೋಜೂ’ ಬೇರೆ, ‘ರೋಜು ರೋಜುಕೀ’ ಬೇರೆ ಅಂತ ಯಾರೂ ಕಲಿಸಬೇಕಾಗಿಲ್ಲ. ಕನ್ನಡದ ಮಕ್ಕಳಿಗೂ ‘ದಿನಾ’ ಬೇರೆ, ‘ದಿನದಿಂದ ದಿನಕ್ಕೆ’ ಬೇರೆ. ಮನೆಯಿಂದ ತಂದ ಆ ತಿಳಿವಳಿಕೆಯನ್ನು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಹೊರಗೆ ಬಿಟ್ಟು ಬನ್ನಿ ಅನ್ನುವುದು ದೊಡ್ಡ ಅನ್ಯಾಯ.

ನಮಗೆ ಇದಕ್ಕೆ ಒದಗಿದ ಒಳ್ಳೆಯ ಉದಾಹರಣೆ ತಿರುಮಣಿಯ ಸೋಲಾರ್ ಪಾರ್ಕು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ಜಮೀನು ಅದಕ್ಕೆ ಹೋಗಿದೆ. ರೈತರು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಆಗ ಒಂದು, ಎರಡನೇ ಕ್ಲಾಸಿನಲ್ಲಿದ್ದವರೇ ಆಮೇಲೆ ನನ್ನ ಮುಂದೆ ಬಂದು ಕೂತರು. ಕಡಲೆಕಾಯಿ ಹೊಲಗಳ ಮೇಲೆ ನೀಲಿ ಫಲಕಗಳ ಸಾಲು ಹೊಸದಾಗಿ ಏಳುತ್ತಿದ್ದದ್ದು ಅವರಿಗೆ ನೆನಪಿದೆ. ಅದು ‘ಡೇ ಬೈ ಡೇ’. ಕಟ್ಟುವುದು ಮುಗಿದ ಮೇಲೆ ಅವೇ ಫಲಕಗಳು ಬಿಸಿಲು ಬಿದ್ದ ದಿನವೆಲ್ಲ ಅದೇ ಕೆಲಸ ಮಾಡುತ್ತಿವೆ. ಅದು ‘ಡೇ ಆಫ್ಟರ್ ಡೇ’. ಒಂದೇ ಜಾಗ, ಎರಡು ಮಾತು. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಗೈಡ್‌ಗಳಿಂದ ಇನ್ನೊಂದು ತೊಂದರೆ ಇದೆ. ಅವುಗಳಲ್ಲಿ ‘ಡೇ ಬೈ ಡೇ’ ಬಂದರೆ ಎಲ್ಲವೂ ಒಳ್ಳೆಯದೇ ಆಗುತ್ತಿರುತ್ತದೆ. ಇಂಗ್ಲಿಷ್ ಸುಧಾರಿಸುತ್ತದೆ, ದೇಶ ಮುಂದುವರಿಯುತ್ತದೆ, ರೋಗಿ ಗುಣಮುಖನಾಗುತ್ತಾನೆ. ಕೊರಟಗೆರೆಯಲ್ಲಿದ್ದಾಗ ಗೊರವನಹಳ್ಳಿ ಕಡೆಯ ಹುಡುಗನೊಬ್ಬ ತೀತಾ ಜಲಾಶಯದ ಬಗ್ಗೆ ಬರೆಯಬೇಕೆಂದಿದ್ದ. ಬೇಸಿಗೆ, ಜಯಮಂಗಲಿ ಹರಿಯುವುದು ನಿಂತಿತ್ತು. ಎದ್ದು ನಿಂತು ಕೇಳಿದ: “ಮಿಸ್, ನೀರು ಇಳೀತಾ ಐತೆ. ಇದು ಒಳ್ಳೇದಕ್ಕೆ ಮಾತ್ರ ಬರೆಯೋದಲ್ವಾ?” ಅಲ್ಲಪ್ಪ, ಇಳಿಯುವುದಕ್ಕೂ ಬರುತ್ತದೆ ಅಂದೆ. ‘ದಿ ವಾಟರ್ ಇನ್ ತೀತಾ ಈಸ್ ಗೋಯಿಂಗ್ ಡೌನ್ ಡೇ ಬೈ ಡೇ’ ಅಂತ ಬರೆದ. ತಾನು ಕಣ್ಣಾರೆ ಕಂಡದ್ದನ್ನು ಬರೆಯಲು ಅವನಿಗೆ ಬೇಕಾಗಿದ್ದದ್ದು ಆ ಒಂದು ಅನುಮತಿ ಅಷ್ಟೇ. ಬೋರ್‌ವೆಲ್ ಆಳ, ಮೇವಿನ ಬೆಲೆ, ಅಜ್ಜಿಯ ಕಣ್ಣು, ನಮ್ಮ ಕಡೆಯ ಮಕ್ಕಳು ದಿನದಿಂದ ದಿನಕ್ಕೆ ನೋಡುತ್ತಿರುವ ಎಷ್ಟೋ ಸಂಗತಿಗಳು ಸುಧಾರಣೆಯವಲ್ಲ. ಅವನ್ನು ಹೇಳಲಾಗದ ಇಂಗ್ಲಿಷ್ ಅವರಿಗೆ ಯಾವ ಉಪಯೋಗಕ್ಕೆ?

ಶಿರಾ ತಾಲ್ಲೂಕಿನ ಕಗ್ಗಲಡುವಿನ ಮಕ್ಕಳಿಗೆ ಪಾಠ ಇನ್ನೂ ಸುಲಭ. ಊರೊಳಗಿನ ಹುಣಸೆ ಮರಗಳಿಗೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಬಂದು ಗೂಡು ಕಟ್ಟುತ್ತವೆ. ಮರಿಗಳು ಬಲಿಯುವುದನ್ನು ಮನೆ ಬಾಗಿಲಲ್ಲಿ ನಿಂತೇ ನೋಡಬಹುದು.

ಮಧುಗಿರಿಯಲ್ಲಿ ಬೇರೆ ಪೇಚು. ಅಲ್ಲಿ ಯಾವ ಮಗುವನ್ನು ಕೇಳಿದರೂ ಬೆಟ್ಟ ಹತ್ತುವುದನ್ನೇ ಬರೆಯುತ್ತದೆ. ಬರೆಯಬೇಕಾದ್ದೇ, ಅಂಥ ಏಕಶಿಲಾ ಬೆಟ್ಟ ಎಷ್ಟು ಊರಿಗಿದೆ? ಆದರೆ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಇಳಿದು ಬರುವ ಕೆಲಸಕ್ಕೆ ‘ಡೇ ಬೈ ಡೇ’ ಒಪ್ಪದು, ‘ಸ್ಟೆಪ್ ಬೈ ಸ್ಟೆಪ್’ ಆಗಬೇಕು. ಬೆಟ್ಟದ ಮೇಲಿನ ಕೋಟೆಗಾದರೆ ಇನ್ನೊಂದು ಮಾತಿದೆ: ‘ರೋಮ್ ವಾಸ್ ನಾಟ್ ಬಿಲ್ಟ್ ಇನ್ ಎ ಡೇ.’ ಇಂಗ್ಲಿಷಿನವರಿಗೂ ಅದು ಹೊರಗಿನಿಂದ ಬಂದದ್ದೇ. ಫ್ರೆಂಚರು ಹನ್ನೆರಡನೇ ಶತಮಾನದಲ್ಲೇ ಹೇಳುತ್ತಿದ್ದರು, ಜಾನ್ ಹೇವುಡ್ 1546ರ ತನ್ನ ಗಾದೆಗಳ ಪುಸ್ತಕದಲ್ಲಿ ಸೇರಿಸಿದ. ಪಾಳೆಯಗಾರರು ಮಣ್ಣಿನಲ್ಲಿ ಕಟ್ಟಿದ ಕೋಟೆಯನ್ನು ಹೈದರಾಲಿ ಕಲ್ಲಿನಲ್ಲಿ ಬಲಪಡಿಸಿದ ಕತೆ ನಮ್ಮ ಮಕ್ಕಳಿಗೆ ಗೊತ್ತು. ಹಾಗಾಗಿ ರೋಮ್ ಇದ್ದ ಕಡೆ ಮಧುಗಿರಿ ಹಾಕಿಕೊಳ್ಳಿ ಅಂದರೆ ಗಾದೆ ತಕ್ಷಣ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಮಾತ್ರ ರೋಮನ್ನೇ ಬರೆಯಿರಿ ಅಂತ ಎಚ್ಚರಿಸುತ್ತೇನೆ.

ಈಗ ನಾನು ವಾಕ್ಯ ಬರೆಸುವ ಮೊದಲು ಏನಾದರೂ ಒಂದನ್ನು ಕೆಲವು ದಿನ ನೋಡಿಕೊಂಡು ಬನ್ನಿ ಅಂತ ಹೇಳಿ ಕಳಿಸುತ್ತೇನೆ. ಕಳೆದ ಮುಂಗಾರಿನಲ್ಲಿ ಹುಡುಗಿಯೊಬ್ಬಳು ಕಡಲೆಕಾಯಿ ಆರಿಸಿಕೊಂಡಳು. ಹೂವು ಬಿಟ್ಟಿತು, ಬಾಡಿತು, ಅದರ ಬುಡದಿಂದ ಊಡು ಹೊರಟು ಮಣ್ಣಿಗಿಳಿಯಿತು. ಕಾಯಿ ಕಟ್ಟುವುದು ಆ ತುದಿಯಲ್ಲಿ, ಮಣ್ಣಿನೊಳಗೆ. “ಒಳಗಿರೋದು ಕಾಣಲ್ಲ ಮಿಸ್, ಬೆಳೀತೈತೆ ಅಂತ ಹೆಂಗೆ ಬರೀಲಿ?” ಅಂತ ಕೇಳಿದಳು. ನೀನೇ ದಾರಿ ಹುಡುಕು ಅಂದೆ. ಅವಳು ಎರಡು ಮೂರು ದಿನಕ್ಕೊಂದು ಗಿಡ ಕಿತ್ತು ನೋಡಿದ್ದಾಳೆ. ಮೊದಲು ಸೂಜಿಯ ಮೊನೆಯಂಥ ತುದಿ, ಆಮೇಲೆ ಬಿಳಿ ಗುಂಡು, ಆಮೇಲೆ ನೀರು ತುಂಬಿದ ಎಳೆಗಾಯಿ. ಬೆಳೆ ಕಿತ್ತು ಹಾಕ್ತೀಯಾ ಅಂತ ಅಪ್ಪ ಬೈದರಂತೆ. ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದಳು: ‘ದಿ ನಟ್ಸ್ ಆರ್ ಗ್ರೋಯಿಂಗ್ ಅಂಡರ್ ದಿ ಗ್ರೌಂಡ್ ಡೇ ಬೈ ಡೇ. ಐ ಪುಲ್ಡ್ ಔಟ್ ಸಮ್ ಪ್ಲಾಂಟ್ ಅಂಡ್ ಸಾ.’ ‘ಪ್ಲಾಂಟ್’ಗೆ ಒಂದು ‘ಎಸ್’ ಸೇರಿಸಿ, ಉಳಿದದ್ದನ್ನು ಹಾಗೇ ಬಿಟ್ಟು ಸಹಿ ಹಾಕಿದೆ. ಮುಂದಿನ ವಾರ ‘ಲಿಟಲ್ ಬೈ ಲಿಟಲ್’ ಇತ್ತು. ಅದಕ್ಕೂ ಅದೇ ಗಿಡ ಆಗುತ್ತಾ ಅಂತ ಕೇಳಿದಳು. ಆಗುತ್ತದೆ, ಆದರೆ ಇನ್ನು ಕೀಳಬೇಡ ಅಂದೆ.