ನಾವೆಲ್ಲರೂ ನುರಿತ ಚಾಲಕರೇ?

ಹೈದರಾಬಾದಿನಲ್ಲಿ ಬಹುಕಾಲದಿಂದ ನೆಲೆಸಿರುವ ನಮ್ಮ ಕನ್ನಡ ಬಂಧುಗಳಲ್ಲಿ ಯಾರನ್ನಾದರೂ “ಈ ಊರಿನಲ್ಲಿ ವಾಹನ ನಡೆಸುವುದು ಹೇಗಿದೆ?” ಎಂದು ಕೇಳಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ. “ಇಲ್ಲಿಯ ಜನಕ್ಕೆ ರಸ್ತೆಯ ಶಿಸ್ತೆಂಬುದೇ ಇಲ್ಲ, ನಾವೇ ನೋಡಿಕೊಂಡು ನಡೆಸಬೇಕು.” ಹೀಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಎಲ್ಲರೂ ಇದನ್ನೇ ಹೇಳುತ್ತಾರೆಂಬುದು ಯೋಚಿಸತಕ್ಕ ಸಂಗತಿ. ಎಲ್ಲರೂ ನೋಡಿಕೊಂಡೇ ನಡೆಸುವವರಾದರೆ ಶಿಸ್ತಿಲ್ಲದ ಆ ಉಳಿದ ಜನ ಯಾರು? ಅಬಿಡ್ಸಿನಿಂದ ಕೋಠಿಗೆ ಬರುವ ದಾರಿಯಲ್ಲಿ ನಮಗೆ ಅಡ್ಡ ಬಂದವನೂ ತನ್ನ ಮನೆಯ ಜಗಲಿಯಲ್ಲಿ ಕುಳಿತು ಇದೇ ಮಾತನ್ನು ಆಡುತ್ತಿರಬೇಕು.

ಈ ವಿಷಯವನ್ನು ಲೆಕ್ಕಕ್ಕೆ ತಂದು ನೋಡಿದವರಲ್ಲಿ ಸ್ವೀಡನ್ ದೇಶದ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್‌ಸನ್ ಪ್ರಮುಖರು. 1981ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅಮೆರಿಕದ ಮತ್ತು ಸ್ವೀಡನ್ನಿನ ವಿದ್ಯಾರ್ಥಿಗಳಿಗೆ ಒಂದು ಸರಳ ಪ್ರಶ್ನೆಯನ್ನು ಹಾಕಲಾಗಿತ್ತು: ಇಲ್ಲಿ ನಿಮ್ಮ ಜೊತೆಗೆ ಕುಳಿತಿರುವವರೊಡನೆ ಹೋಲಿಸಿದರೆ ಚಾಲನೆಯಲ್ಲಿ ನಿಮ್ಮ ಸ್ಥಾನವೇನು? ಕೌಶಲದ ವಿಷಯದಲ್ಲಿ ಅಮೆರಿಕದವರಲ್ಲಿ ಶೇಕಡಾ 93 ಮಂದಿಯೂ ಸ್ವೀಡನ್ನಿನವರಲ್ಲಿ ಶೇಕಡಾ 69 ಮಂದಿಯೂ ತಮ್ಮನ್ನು ಮೇಲಿನ ಅರ್ಧದಲ್ಲಿ ಇರಿಸಿಕೊಂಡರು. ಸುರಕ್ಷತೆಯ ವಿಷಯದಲ್ಲಿ ಈ ಪ್ರಮಾಣ ಕ್ರಮವಾಗಿ ಶೇಕಡಾ 88 ಮತ್ತು 77. ಯಾವ ಗುಂಪಿನಲ್ಲಿಯೇ ಆಗಲಿ ಮೇಲಿನ ಅರ್ಧದಲ್ಲಿ ಅರ್ಧ ಜನರಿಗೆ ಮಾತ್ರ ಸ್ಥಳವಿರುತ್ತದೆ.

ಎಳೆಯರ ಹುಮ್ಮಸ್ಸು ಇದು, ಒಂದು ಪೆಟ್ಟು ಬಿದ್ದರೆ ಬುದ್ಧಿ ಬರುತ್ತದೆ ಎಂದು ಹಿರಿಯರು ಹೇಳಬಹುದು. ಅದಕ್ಕೂ ಉತ್ತರವಿದೆ. 1965ರಲ್ಲಿ ಪ್ರೆಸ್ಟನ್ ಮತ್ತು ಹ್ಯಾರಿಸ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು, ಅಪಘಾತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದ್ದ 50 ಮಂದಿ ಚಾಲಕರನ್ನು ಕಂಡು ಮಾತನಾಡಿಸಿದರು. ಪೊಲೀಸ್ ದಾಖಲೆಯ ಪ್ರಕಾರ ಅವರಲ್ಲಿ 34 ಮಂದಿಯ ಅಪಘಾತಕ್ಕೆ ಅವರೇ ಹೊಣೆ. ಆದರೂ ಆ 50 ಮಂದಿ ತಮ್ಮ ಚಾಲನೆಗೆ ಕೊಟ್ಟುಕೊಂಡ ಅಂಕ, ಅಪಘಾತವನ್ನೇ ಕಾಣದ ಬೇರೆ 50 ಮಂದಿ ತಮಗೆ ತಾವೇ ಕೊಟ್ಟುಕೊಂಡ ಅಂಕಕ್ಕಿಂತ ಕಡಿಮೆಯಾಗಿರಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗಲೂ ಅಭಿಮಾನಕ್ಕೆ ಮಾತ್ರ ಗಾಯವಾಗಿರಲಿಲ್ಲವೆಂದು ಕಾಣುತ್ತದೆ!

ಇದನ್ನು ಕೇವಲ ಅಹಂಕಾರವೆಂದು ತಳ್ಳಿಹಾಕುವುದು ಸರಿಯಲ್ಲ. ಇದಕ್ಕೆ ಮುಖ್ಯವಾದ ಎರಡು ಕಾರಣಗಳಿವೆ. ‘ಒಳ್ಳೆಯ ಚಾಲನೆ’ ಎಂಬ ಮಾತಿಗೆ ಪ್ರತಿಯೊಬ್ಬನೂ ತನಗೆ ಒಪ್ಪುವ ಅರ್ಥವನ್ನು ಕೊಟ್ಟುಕೊಳ್ಳುತ್ತಾನೆಂಬುದು ಮೊದಲನೆಯದು. ಸುಲ್ತಾನ್ ಬಜಾರಿನ ಇಕ್ಕಟ್ಟಿನಲ್ಲಿ ಆಟೋ ಮತ್ತು ತಳ್ಳುಗಾಡಿಗಳ ನಡುವಿನ ಒಂದು ಮೊಳ ಜಾಗದಲ್ಲಿ ಸ್ಕೂಟರನ್ನು ತೂರಿಸಿಕೊಂಡು ಹೋಗಬಲ್ಲವನು ಅದನ್ನೇ ನೈಪುಣ್ಯವೆನ್ನುತ್ತಾನೆ. ಮೂವತ್ತು ಕಿಲೋಮೀಟರಿಗಿಂತ ಹೆಚ್ಚಿನ ವೇಗಕ್ಕೆ ಹೋಗದವನು ತನ್ನ ತಾಳ್ಮೆಯನ್ನೇ ನೈಪುಣ್ಯವೆನ್ನುತ್ತಾನೆ. ಹಳೆಯ ಕಾರನ್ನು ಸವೆಯದಂತೆ ಇಟ್ಟುಕೊಂಡವನಿಗೆ ಗೇರು ಬದಲಾಯಿಸುವ ನಯವೇ ದೊಡ್ಡದು. ತಂತಮ್ಮ ಅಳತೆಗೋಲಿನಿಂದ ಅಳೆದುಕೊಂಡಾಗ ಎಲ್ಲರೂ ಮೊದಲನೆಯ ದರ್ಜೆಯಲ್ಲಿಯೇ ತೇರ್ಗಡೆಯಾಗುತ್ತಾರೆ.

ಎರಡನೆಯ ಕಾರಣ ಇನ್ನೂ ಆಳವಾದುದು. ರಸ್ತೆಯು ನಮಗೆ ಪಾಠವನ್ನು ಸರಿಯಾಗಿ ಕಲಿಸುವುದಿಲ್ಲ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಮೊದಲನೆಯ ತುತ್ತಿಗೇ ತಿಳಿಯುತ್ತದೆ. ಕೆಂಪುದೀಪವನ್ನು ದಾಟಿ ಹೋದವನಿಗಾದರೋ ಹತ್ತು ಸಲವೂ, ನೂರು ಸಲವೂ ಏನೂ ಆಗುವುದಿಲ್ಲ. ಆದುದೆಂದರೆ ಎರಡು ನಿಮಿಷದ ಉಳಿತಾಯ. ದೊಡ್ಡ ಸುತ್ತನ್ನು ತಪ್ಪಿಸಲು ಎದುರು ದಿಕ್ಕಿನಲ್ಲಿ ಅಂಚು ಹಿಡಿದು ಬರುವ ‘ರಾಂಗ್ ರೂಟ್’ ಪ್ರಯಾಣವೂ ಹೀಗೆಯೇ. ತಪ್ಪಿಗೆ ಬಹುಮಾನ ದೊರೆಯುತ್ತಾ ಹೋದಾಗ ಅದು ಅಭ್ಯಾಸವಾಗುತ್ತದೆ, ಅಭ್ಯಾಸವು ಕ್ರಮೇಣ ಅನುಭವವೆಂಬ ಹೆಸರನ್ನು ಪಡೆಯುತ್ತದೆ. “ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದೇನೆ, ಒಂದು ಗೀರೂ ಬಿದ್ದಿಲ್ಲ” ಎನ್ನುವವನಿಗೆ ಆ ಇಪ್ಪತ್ತು ವರ್ಷಗಳಲ್ಲಿ ಎದುರಿನವರು ಎಷ್ಟು ಸಲ ಬ್ರೇಕು ಹಾಕಿ ತನ್ನನ್ನು ಉಳಿಸಿದರೆಂಬುದು ತಿಳಿದಿರುವುದಿಲ್ಲ.

ದಂಡವಾದರೂ ಪಾಠ ಕಲಿಸೀತೆಂದರೆ ಅದರ ಕಥೆಯೂ ಅಷ್ಟೆ. ನಮ್ಮ ನಗರದಲ್ಲಿ ಪೊಲೀಸರು ಛಾಯಾಚಿತ್ರ ತೆಗೆದು ಚಲನ್ ಕಳುಹಿಸುವ ಪದ್ಧತಿ ಬಂದು ವರ್ಷಗಳೇ ಆದುವು. ಚಲನ್‌ಗಳು ರಾಶಿಬಿದ್ದು, 2022ರ ಮಾರ್ಚಿಯಲ್ಲಿ ದ್ವಿಚಕ್ರ ವಾಹನಗಳ ಬಾಕಿ ದಂಡಕ್ಕೆ ಶೇಕಡಾ 75ರಷ್ಟು ರಿಯಾಯಿತಿ ಘೋಷಿಸಬೇಕಾಯಿತು. ಮುಂದಿನ ವರ್ಷದ ಡಿಸೆಂಬರಿನಲ್ಲಿ ರಿಯಾಯಿತಿ ಶೇಕಡಾ 80ಕ್ಕೆ ಏರಿತು. ಆಷಾಢದ ಸೀರೆ ಅಂಗಡಿಯಂತೆ ದಂಡಕ್ಕೂ ಒಂದು ಸುಗ್ಗಿಯ ಕಾಲ ಬಂದಿತೆಂದು ಜನ ನಕ್ಕರು.

ಈ ವಿಷಯದಲ್ಲಿ ನಮ್ಮ ಸಾರಿಗೆ ಬಸ್ಸಿನ ಚಾಲಕನ ಸ್ಥಿತಿ ಬೇರೆ. ನಿಜಾಮರ ಕಾಲದಲ್ಲಿ, 1932ರಲ್ಲಿ, ರೈಲ್ವೆ ಇಲಾಖೆಯ ಅಂಗವಾಗಿ 27 ಬಸ್ಸುಗಳೊಡನೆ ಇಲ್ಲಿ ಆರಂಭವಾದ ರಸ್ತೆ ಸಾರಿಗೆಯೇ ಇಂದಿನ ಸಾರಿಗೆ ಸಂಸ್ಥೆಯ ಮೂಲ. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ನಮ್ಮಲ್ಲಿ ಅನೇಕರ ಹಿರಿಯರು ಆ ಬಸ್ಸುಗಳನ್ನು ಬಲ್ಲರು. ಬಸ್ಸಿನ ಚಾಲಕನ ಯೋಗ್ಯತೆಯನ್ನು ಅವನೇ ನಿರ್ಧರಿಸುವುದಿಲ್ಲ. ಅವನು ಸುಟ್ಟ ಡೀಸೆಲ್ ಎಷ್ಟು, ಮಾಡಿದ ಅಪಘಾತವೆಷ್ಟು ಎಂಬುದನ್ನು ಡಿಪೋದಲ್ಲಿ ಬರೆದಿಡುತ್ತಾರೆ. ವರ್ಷಗಟ್ಟಲೆ ಅಪಘಾತವಿಲ್ಲದೆ ನಡೆಸಿದರೆ ಗೌರವಿಸುತ್ತಾರೆ. ನಾವು ಅನೇಕ ವರ್ಷಗಳಲ್ಲಿ ಓಡಿಸುವಷ್ಟು ದೂರವನ್ನು ಅವನು ಒಂದೇ ವರ್ಷದಲ್ಲಿ ಓಡಿಸುವುದರಿಂದ ಅವನ ಲೆಕ್ಕಕ್ಕೆ ಅರ್ಥವಿದೆ. ಸ್ವಂತ ವಾಹನದ ಮಾಲೀಕನಿಗೆ ಇಂತಹ ಲೆಕ್ಕವನ್ನು ಇಡುವವರು ಯಾರೂ ಇಲ್ಲ.

ಹಾಗಾದರೆ ಕೌಶಲವನ್ನೇ ನಿಜವಾಗಿ ಹೆಚ್ಚಿಸಿಕೊಂಡರೆ ಅಪಾಯ ಕಡಿಮೆಯಾಗಬಾರದೇ? ಆಶ್ಚರ್ಯದ ಸಂಗತಿಯೆಂದರೆ, ಆಗಬೇಕೆಂಬ ನಿಯಮವಿಲ್ಲ. ಅಮೆರಿಕದಲ್ಲಿ 1974ರಲ್ಲಿ ಮೋಟಾರು ಪಂದ್ಯಗಳ ಪರವಾನಗಿ ಪಡೆದ ಚಾಲಕರ ದಾಖಲೆಗಳನ್ನು ಪರಿಶೀಲಿಸಿದಾಗ, ಸಾಮಾನ್ಯ ರಸ್ತೆಗಳಲ್ಲಿ ಅವರ ಅಪಘಾತಗಳೂ ದಂಡಗಳೂ ಸಾಧಾರಣ ಜನರಿಗಿಂತ ಹೆಚ್ಚಾಗಿದ್ದುದು ಕಂಡುಬಂದಿತು. ಕೈಚಳಕದಲ್ಲಿ ಅವರನ್ನು ಮೀರಿಸುವವರಿಲ್ಲ. ಆ ಚಳಕವೆಲ್ಲ ವೇಗಕ್ಕೆ ಖರ್ಚಾಗುತ್ತಿತ್ತು. ನಾರ್ವೆಯಲ್ಲಿ 1979ರಲ್ಲಿ, ಹಿಮಗಟ್ಟಿದ ಜಾರುವ ರಸ್ತೆಯಲ್ಲಿ ವಾಹನವನ್ನು ಹತೋಟಿಗೆ ತರುವ ತರಬೇತಿಯನ್ನು ಹೊಸ ಚಾಲಕರಿಗೆ ಕಡ್ಡಾಯ ಮಾಡಿದರು. ಮುಂದೆ ನೋಡಿದರೆ ಜಾರುವ ರಸ್ತೆಗಳಲ್ಲಿ ಯುವಕರ ಅಪಘಾತ ಕಡಿಮೆಯಾಗುವುದರ ಬದಲು ಹೆಚ್ಚಿತ್ತು. ಇದರ ಒಳಗುಟ್ಟನ್ನು ಸ್ವೀಡನ್ನಿನ ಗ್ರೆಗರ್ಸನ್ 1996ರಲ್ಲಿ ಬಿಡಿಸಿ ತೋರಿಸಿದರು. ಅವರು ಒಂದು ಗುಂಪಿಗೆ ಕೌಶಲವನ್ನು ಕಲಿಸಿದರು. ಇನ್ನೊಂದು ಗುಂಪಿಗೆ, ಕೌಶಲವು ಎಲ್ಲಿ ಕೈಕೊಡುತ್ತದೆಂಬುದನ್ನು ತೋರಿಸಿಕೊಟ್ಟರು. ಪರೀಕ್ಷಿಸಿದಾಗ ಎರಡು ಗುಂಪುಗಳ ನಿಜವಾದ ಸಾಮರ್ಥ್ಯದಲ್ಲಿ ಭೇದವಿರಲಿಲ್ಲ. ಆದರೆ ಮೊದಲನೆಯ ಗುಂಪಿನವರು ತಾವು ಹೆಚ್ಚು ಬಲ್ಲವರೆಂದು ನಂಬಿದ್ದರು.

ಕೌಶಲ ಎಲ್ಲಿ ಕೈಕೊಡುತ್ತದೆಂಬುದನ್ನು ನಾವೂ ಲೆಕ್ಕ ಹಾಕಿ ನೋಡಬಹುದು. ಅಡ್ಡ ಬಂದುದನ್ನು ಕಣ್ಣು ಕಂಡು, ಮೆದುಳು ಅರಿತು, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಸಾಧಾರಣ ಚಾಲಕನಿಗೆ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ವಾಹನ 33 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆ ಒಣಗಿದ ಒಳ್ಳೆಯ ರಸ್ತೆಯಲ್ಲಿ ನಿಲ್ಲಲು ಇನ್ನೂ 35 ಮೀಟರ್ ಬೇಕು, ಒಟ್ಟು 68. ಬಹಳ ಚುರುಕಾದವನು ಕಾಲು ಸೆಕೆಂಡು ಉಳಿಸಿದನೆನ್ನೋಣ. ಅವನಿಗಾಗುವ ಲಾಭ ಐದೂವರೆ ಮೀಟರ್. ಯಾವ ಚುರುಕೂ ಇಲ್ಲದ ಸಾಧಾರಣನೊಬ್ಬ ವೇಗವನ್ನು 70ಕ್ಕೆ ಇಳಿಸಿದರೆ ಅವನು ಸುಮಾರು 56 ಮೀಟರಿನಲ್ಲಿ ನಿಲ್ಲುತ್ತಾನೆ. ಅವನಿಗಾಗುವ ಲಾಭ 12 ಮೀಟರ್. ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವ ಶೇಕಡಾ 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣದಿಂದಲೇ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಹತ್ತು ಸಾವುಗಳಲ್ಲಿ ಏಳಕ್ಕೆ ಅತಿವೇಗವೇ ಕಾರಣವೆಂದು ಸರಕಾರದ ವರದಿ ನಮೂದಿಸಿತು.

ಗಚ್ಚಿಬೌಲಿಯ ಬಯೋಡೈವರ್ಸಿಟಿ ವೃತ್ತದ ಮೇಲ್ಸೇತುವೆಯ ದುರಂತ ನಮ್ಮ ಓದುಗರಿಗೆ ನೆನಪಿರಬಹುದು. 2019ರ ನವೆಂಬರ್ 23ರಂದು, ಸೇತುವೆ ತೆರೆದು ಮೂರು ವಾರ ತುಂಬುವುದರೊಳಗೆ, ತಿರುವಿನಲ್ಲಿ ಒಂದು ಕಾರು ಹತೋಟಿ ತಪ್ಪಿ ಕೆಳಗಿನ ರಸ್ತೆಗೆ ಉರುಳಿತು. ಅಲ್ಲಿ ನಿಗದಿಯಾಗಿದ್ದ ವೇಗ 40 ಕಿಲೋಮೀಟರ್. ಕಾರು ಅದರ ಎರಡು ಪಟ್ಟಿಗಿಂತಲೂ ಹೆಚ್ಚಿನ ವೇಗದಲ್ಲಿತ್ತೆಂದು ಪೊಲೀಸರು ತಿಳಿಸಿದರು. ಕಾರಿನಲ್ಲಿದ್ದವನು ಬದುಕಿ ಉಳಿದನು. ಕೆಳಗೆ ನಿಂತಿದ್ದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ವೇಗದ ಮಿತಿಯ ಫಲಕವನ್ನು ಕಂಡಾಗ “ಇದು ಹೊಸಬರಿಗೆ, ನನಗಲ್ಲ” ಎಂದುಕೊಳ್ಳುವ ಅಭ್ಯಾಸವಿರುವವರು, ಬೆಲೆ ತೆರುವವರು ತಾವೇ ಆಗಬೇಕೆಂದಿಲ್ಲವೆಂಬುದನ್ನು ಗಮನಿಸಬೇಕು.

ಹೆಲ್ಮೆಟ್ಟಿನ ಮಾತೂ ಇಲ್ಲಿಯೇ ಬರಬೇಕು. ಅದನ್ನು ತೋಳಿಗೆ ಸಿಕ್ಕಿಸಿಕೊಂಡು ಹೋಗಿ, ಪೊಲೀಸರನ್ನು ಕಂಡಾಗ ತಲೆಗೇರಿಸುವವರು “ಹತ್ತಿರಕ್ಕೆ ಹೋಗುತ್ತಿದ್ದೇನೆ, ನಿಧಾನವಾಗಿಯೇ ಹೋಗುತ್ತೇನೆ” ಎನ್ನುತ್ತಾರೆ. ನಿಧಾನವೆನ್ನುವ ಆ 40 ಕಿಲೋಮೀಟರ್ ವೇಗದಲ್ಲಿ ತಲೆ ಯಾವುದಕ್ಕಾದರೂ ನೇರವಾಗಿ ಬಡಿದರೆ ಅದು ಸುಮಾರು ಆರು ಮೀಟರ್ ಎತ್ತರದಿಂದ, ಅಂದರೆ ಎರಡು ಅಂತಸ್ತಿನ ಮನೆಯ ಮಾಳಿಗೆಯಿಂದ, ಬಿದ್ದ ಪೆಟ್ಟಿಗೆ ಸಮ. ಸರಿಯಾಗಿ ಪಟ್ಟಿ ಬಿಗಿದ ಹೆಲ್ಮೆಟ್ಟು ತಲೆಯ ಗಾಯದ ಸಂಭವವನ್ನು ಶೇಕಡಾ 69ರಷ್ಟೂ ಸಾವಿನ ಸಂಭವವನ್ನು ಶೇಕಡಾ 42ರಷ್ಟೂ ತಗ್ಗಿಸುತ್ತದೆಂದು ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದವರು ತಿಳಿಸಿದ್ದಾರೆ. ಹಿಂದೆ ಕುಳಿತವರ ತಲೆಗೂ ಈ ಲೆಕ್ಕವೇ ಅನ್ವಯಿಸುತ್ತದೆ. ನಮ್ಮ ಮನೆಗಳಲ್ಲಿ ಗಂಡನಿಗೊಂದು ಹೆಲ್ಮೆಟ್ಟು ಇದ್ದು ಹೆಂಡತಿಗೆ ಇಲ್ಲದಿರುವುದು ಏಕೆಂದು ಯಾರೂ ಕೇಳುವುದಿಲ್ಲ.

ಹಿಂದೆ ಕುಳಿತವರ ಮಾತು ಬಂದುದರಿಂದ ಒಂದು ಸೂಚನೆ. ತಮ್ಮ ಚಾಲನೆಯ ಬಗೆಗೆ ನಿಜವನ್ನು ತಿಳಿಯಬಯಸುವವರು ಕೇಳಬೇಕಾದುದು ಅವರನ್ನೇ. ಅವರ ಕೈಗೆ ಚುಕ್ಕಾಣಿಯಿಲ್ಲ, ಮನಸ್ಸಿಗೆ ಅಭಿಮಾನದ ಹಂಗಿಲ್ಲ. ಗುಲ್ಬರ್ಗದ ಕಡೆಯ ಗೃಹಿಣಿ “ಸಾವಕಾಶ ನಡಸ್ರೀ” ಎಂದು ಒಂದು ಪ್ರಯಾಣದಲ್ಲಿ ಎಷ್ಟು ಸಲ ಹೇಳಿದಳು, ಮಗು ಮುಂದಿನ ಆಸನವನ್ನು ಎಷ್ಟು ಸಲ ಗಟ್ಟಿಯಾಗಿ ಹಿಡಿಯಿತು, ಎಷ್ಟು ಸಲ ಬ್ರೇಕನ್ನು ಥಟ್ಟನೆ ಒತ್ತಬೇಕಾಯಿತು ಎಂಬುದನ್ನು ಒಂದು ವಾರ ಎಣಿಸಿ ನೋಡಬಹುದು. ಅಪಘಾತಗಳು ಅಪರೂಪ, ಇವು ದಿನವೂ ಸಿಗುತ್ತವೆ. ಇದಕ್ಕಿಂತ ಅಗ್ಗವಾದ ಪರೀಕ್ಷೆ ಬೇರೊಂದಿಲ್ಲ, ಆದರೆ ಪರೀಕ್ಷಕರ ಮೇಲೆ ಸಿಡುಕಬಾರದು.

ಅರವತ್ತು ದಾಟಿದವರು ಈ ಪರೀಕ್ಷೆಯನ್ನು ವಿಶೇಷವಾಗಿ ಮಾಡಿಕೊಳ್ಳಬೇಕು. ಇಪ್ಪತ್ತರ ಹರೆಯದ ಕಣ್ಣಿನ ಒಳಪರದೆಗೆ ತಲಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರವತ್ತರ ಕಣ್ಣಿಗೆ ತಲಪುತ್ತದೆ. ಈ ಇಳಿತ ನಿಧಾನವಾಗಿ ಆಗುವುದರಿಂದ ಕಣ್ಣಿನ ಒಡೆಯನಿಗೆ ತಿಳಿಯುವುದಿಲ್ಲ. ಎದುರಿನ ವಾಹನಗಳ ದೀಪಗಳೇ ಈಗೀಗ ಪ್ರಖರವಾಗಿವೆಯೆಂದು ದೂರುತ್ತಾನೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರ ಅಪಘಾತಗಳು, ಪೊರೆಯಿದ್ದೂ ಮಾಡಿಸಿಕೊಳ್ಳದವರ ಅಪಘಾತಗಳ ಅರ್ಧದಷ್ಟಿದ್ದುವೆಂದು 2002ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಐವತ್ತೈದು ದಾಟಿದವರ ಪರವಾನಗಿಯನ್ನು ನಮ್ಮ ಕಾನೂನು ಐದೈದು ವರ್ಷಕ್ಕೆ ಮಾತ್ರ ನವೀಕರಿಸುತ್ತದೆ, ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಬೇಕು. ಅದನ್ನು ಒಂದು ಕಾಗದವೆಂದು ಬಗೆಯದೆ, ಆ ನೆಪದಲ್ಲಿಯಾದರೂ ಕಣ್ಣುಗಳನ್ನು ಪೂರ್ಣವಾಗಿ ತೋರಿಸಿಕೊಳ್ಳುವುದು ಲೇಸು.

ಕೊನೆಯದಾಗಿ, ನಮ್ಮಂತಹ ವಲಸಿಗರಿಗೇ ಸಂಬಂಧಿಸಿದ ಒಂದು ಅಭ್ಯಾಸ. ಗಣೇಶ ಚತುರ್ಥಿ, ದಸರೆ, ದೀಪಾವಳಿ ಬಂದಿತೆಂದರೆ ಕಚೇರಿ ಮುಗಿಸಿ, ಊಟ ಮಾಡಿ, ರಾತ್ರಿ ಹತ್ತಕ್ಕೆ ಕಾರು ಹತ್ತಿ ಊರ ಕಡೆಗೆ ಹೊರಡುವುದು. “ರಾತ್ರಿ ರಸ್ತೆ ಖಾಲಿಯಿರುತ್ತದೆ, ನನಗೆ ನಿದ್ರೆ ಬರುವುದಿಲ್ಲ” ಎಂಬ ಭರವಸೆ. 1997ರಲ್ಲಿ ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬುವರು ನಿದ್ರೆಗೆಟ್ಟವರನ್ನೂ ಮದ್ಯ ಕುಡಿದವರನ್ನೂ ಒಂದೇ ಪರೀಕ್ಷೆಗೆ ಒಳಪಡಿಸಿದರು. ಹದಿನೇಳು ಗಂಟೆ ಎಚ್ಚರವಿದ್ದವನ ಕೈ ಮತ್ತು ಕಣ್ಣುಗಳ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದ ಕಾನೂನು ಚಾಲಕನಿಗೆ ಹಾಕಿರುವ ಮಿತಿ 30 ಮಿಲಿಗ್ರಾಂ. ಬೆಳಗ್ಗೆ ಆರಕ್ಕೆ ಎದ್ದವನಿಗೆ ರಾತ್ರಿ ಹನ್ನೊಂದಕ್ಕೆ ಹದಿನೇಳು ಗಂಟೆ ತುಂಬುತ್ತದೆ. ಆಗ ಅವನು ಊರನ್ನು ಬಿಟ್ಟು ಹೆದ್ದಾರಿಯನ್ನು ಸೇರಿರುತ್ತಾನೆ, ಹೆಂಡತಿಮಕ್ಕಳು ಹಿಂದೆ ಮಲಗಿರುತ್ತಾರೆ. ಜನ್ಮದಲ್ಲಿ ಮದ್ಯವನ್ನು ಮುಟ್ಟದವನೂ ಆ ಹೊತ್ತಿಗೆ ಕುಡಿದವನಂತೆಯೇ ಚುಕ್ಕಾಣಿ ಹಿಡಿದಿರುತ್ತಾನೆ. ಮೆದುಳು ಮೂರು ನಾಲ್ಕು ಸೆಕೆಂಡುಗಳ ತೂಕಡಿಕೆಯನ್ನು ಕದ್ದುಕೊಳ್ಳುವುದು ಅವನಿಗೇ ಗೊತ್ತಾಗುವುದಿಲ್ಲ. 80ರ ವೇಗದಲ್ಲಿ ಮೂರು ಸೆಕೆಂಡೆಂದರೆ ಸುಮಾರು 67 ಮೀಟರ್. ಕಿಟಕಿ ತೆರೆಯುವುದು, ಹಾಡು ಹಾಕುವುದು ಇವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಚಹಾ ಕಾಫಿ ಸ್ವಲ್ಪ ಹೊತ್ತು ನೆರವಾಗಬಹುದು. ವಾಹನವನ್ನು ಧಾಬಾ ಅಥವಾ ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದು ಅದಕ್ಕಿಂತ ಮೇಲು. ಎಲ್ಲಕ್ಕಿಂತ ಸುಲಭವೆಂದರೆ ಆ ರಾತ್ರಿ ಮನೆಯಲ್ಲಿಯೇ ಮಲಗಿ, ನಸುಕಿನ ಐದಕ್ಕೆ ಹೊರಡುವುದು. ಜಹೀರಾಬಾದಿನಲ್ಲಿ ಚಹಾ ಕುಡಿದು ಹೊರಟರೂ ಬೀದರದಲ್ಲಿ ತಿಂಡಿಯ ಹೊತ್ತಿಗೆ ಇರಬಹುದು. ರಾಯಚೂರಿನವರಾದರೆ ಮಧ್ಯಾಹ್ನದ ಊಟಕ್ಕೆ ಬಹಳ ಮುಂಚೆಯೇ ಮನೆ ಸೇರಬಹುದು.