‘ವ್ವ’ ಬಳಿ ಮುರಿದ ಬಿಟ್

ಪುಣೆಯ ಭೋಸರಿಯಲ್ಲಿ ನಾನು ಸಿಎನ್‌ಸಿ ರೂಟರ್ ನಡೆಸಲು ಕಲಿಯುತ್ತಿದ್ದ ಹೊಸತು. ವಿಜಯಪುರ ಕಡೆಯ ಹಿರಿಯರೊಬ್ಬರು ಹೊಸ ಫ್ಲ್ಯಾಟ್ ಬಾಗಿಲಿಗೆ ‘ಅವ್ವನ ಮನೆ’ ಎಂಬ ಫಲಕ ಬೇಕೆಂದು ಬಂದರು. ‘ಕನ್ನಡ ಓದಾಕ ಬರೋ ಹುಡುಗ ಸಿಕ್ಕಿದೆಲ್ಲಪಾ, ಇನ್ನ ಒತ್ತಕ್ಷರ ತಪ್ಪಂಗಿಲ್ಲ’ ಎಂದರು. ಗೃಹಪ್ರವೇಶಕ್ಕೆ ಎರಡೇ ದಿನ ಬಾಕಿ.

10 ಮಿ.ಮೀ. ದಪ್ಪದ ಅಕ್ರಿಲಿಕ್. ಮಷೀನಿನಲ್ಲಿ ಇದ್ದದ್ದು ಪ್ಲೈವುಡ್ ಕತ್ತರಿಸುವ ಎರಡು ಅಲಗಿನ ಬಿಟ್. ಕೆಟ್ಟೀತೆಂಬ ಭಯಕ್ಕೆ ಫೀಡ್ ಅನ್ನು ನಿಮಿಷಕ್ಕೆ 600 ಮಿ.ಮೀ.ಗೆ ಇಳಿಸಿದೆ. ಸ್ಪಿಂಡಲ್ ಮಾತ್ರ 18,000 ಸುತ್ತಿನಲ್ಲೇ ಇತ್ತು. ‘ವ್ವ’ ಬರುವಷ್ಟರಲ್ಲಿ ಸುಟ್ಟ ವಾಸನೆ. ಕರಗಿದ ಅಕ್ರಿಲಿಕ್ ಬಿಟ್ಟಿಗೆ ಮೆತ್ತಿಕೊಂಡಿತು, ಕೊರೆದ ಜಾಗ ಹಿಂದೆಯೇ ಮತ್ತೆ ಅಂಟಿತು, ಟಕ್ಕೆಂದು ಬಿಟ್ ಮುರಿಯಿತು. ಶೀಟಿನ ಹಣ ನನ್ನ ಸಂಬಳದಲ್ಲಿ ಹೋಯಿತು. ಅದಕ್ಕಿಂತ ಆ ಹಿರಿಯರಿಗೆ ಫೋನ್ ಮಾಡುವುದೇ ಕಷ್ಟವಾಗಿತ್ತು.

ನನ್ನ ತಪ್ಪು ಆತುರವಲ್ಲ, ಭಯ. ಕೊರೆಯುವಾಗಿನ ಬಿಸಿ ಬಹುಪಾಲು ಹೊರಹೋಗುವುದು ಚೂರುಗಳ ಜೊತೆಗೆ. ಅಲಗು ಕಚ್ಚದೆ ಬರೀ ಉಜ್ಜಿದರೆ ಬಿಸಿ ಅಲ್ಲೇ ಉಳಿಯುತ್ತದೆ. ಲೆಕ್ಕ ಸರಳ: ಫೀಡ್ ಅನ್ನು ಸುತ್ತು ಮತ್ತು ಅಲಗುಗಳ ಗುಣಲಬ್ಧದಿಂದ ಭಾಗಿಸಿ. ನನ್ನದು 0.017 ಮಿ.ಮೀ.ಯೂ ಮುಟ್ಟಿರಲಿಲ್ಲ. ಅದು ಚೂರಲ್ಲ, ಪುಡಿ. ಮರುದಿನ ಒಂದೇ ಅಲಗಿನ ಓ-ಫ್ಲೂಟ್ ಬಿಟ್ ತಂದು 1,800ರಲ್ಲಿ ಓಡಿಸಿದೆ. 0.1 ಮಿ.ಮೀ. ಚೂರು ತೆಂಗಿನ ತುರಿಯಂತೆ ಹಾರಿತು, ಅಂಚು ಗಾಜಿನಂತೆ ಬಂತು. ಶೀಟ್ ಕೊಳ್ಳುವಾಗ ಎಕ್ಸ್‌ಟ್ರೂಡೆಡ್ ಬೇಡ, ಕಾಸ್ಟ್ ಅಕ್ರಿಲಿಕ್ ಕೇಳಿ. ಎಕ್ಸ್‌ಟ್ರೂಡೆಡ್ ಬೇಗ ಮೆತ್ತಗಾಗುತ್ತದೆ.

ಮರದ ಗುಣ ಬೇರೆ. ಅಪ್‌ಕಟ್ ಬಿಟ್ ಚೂರನ್ನು ಮೇಲೆತ್ತುತ್ತದೆ, ಜೊತೆಗೆ ಪ್ಲೈವುಡ್ಡಿನ ಮೇಲ್ಪದರವನ್ನೂ ಕಿತ್ತೀತು. ಡೌನ್‌ಕಟ್ ಮೇಲ್ಮೈ ಉಳಿಸುತ್ತದೆ, ಆದರೆ ಪುಡಿ ಕೆಳಗೇ ತುಂಬುತ್ತದೆ. ಎರಡೂ ಬದಿ ಲ್ಯಾಮಿನೇಟ್ ಇದ್ದರೆ ಕಂಪ್ರೆಷನ್ ಬಿಟ್ಟೇ ಬೇಕು. ಎಂಡಿಎಫ್‌ನ ಅಂಟು ಸಾಮಾನ್ಯ ಸ್ಟೀಲ್ ಅಲಗನ್ನು ಬೇಗ ಮೊಂಡು ಮಾಡುತ್ತದೆ, ಅಲ್ಲಿ ಕಾರ್ಬೈಡ್‌ಗೇ ಹಣ ಹಾಕಿ.

ಒಂದು ಮಾತು ನಮ್ಮ ಲಿಪಿಯ ಬಗ್ಗೆ. ದುಂಡನೆಯ ಬಿಟ್ ಒಳಮೂಲೆಯನ್ನು ಚೂಪಾಗಿ ಕೊರೆಯಲಾರದು. ಹಾಗಾಗಿ ಮರಾಠಿ ಫಲಕದಲ್ಲಿ ತಲೆಗೆರೆ ಕಂಬಕ್ಕೆ ಸೇರುವಲ್ಲೆಲ್ಲ ಮೂಲೆ ಮೊಂಡಾಗುತ್ತದೆ. ನಮ್ಮ ಗುಂಡು ಅಕ್ಷರಕ್ಕೆ ಆ ಚಿಂತೆ ಕಡಿಮೆ. ತಕರಾರು ಒತ್ತಕ್ಷರದ್ದು. ‘ವ್ವ’ದ ಒಳಸಂದಿಗೆ 3 ಮಿ.ಮೀ. ಬಿಟ್ ಹೋಗದು. ಅಷ್ಟಕ್ಕೆ ಮಾತ್ರ 1.5 ಹಾಕಿ, ಒಂದೊಂದು ಸಲಕ್ಕೂ ಆಳ ಕಡಿಮೆ ಕೊಟ್ಟು, ಪಕ್ಕದಲ್ಲೇ ನಿಂತಿರುತ್ತೇನೆ.