ನಮ್ಮ ತರುವಾಯ ಈ ಮಗುವಿಗೆ ಯಾರು?

ಹುಣ್ಣಿಮೆ, ಅಮಾವಾಸ್ಯೆಗಳಂದು ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಕೆಲವು ತಾಯಂದಿರನ್ನು ನಾವು ಅನೇಕ ವರ್ಷಗಳಿಂದ ಕಾಣುತ್ತಿದ್ದೇವೆ. ಮೂವತ್ತು, ನಲವತ್ತು ದಾಟಿದ ಮಗನ ಕೈಹಿಡಿದು ದಾಸೋಹದ ಪಂಕ್ತಿಯಲ್ಲಿ ಕೂರಿಸಿ, ತುತ್ತು ಮಾಡಿ ಉಣಿಸಿ, ತಾವು ಕೊನೆಯ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವವರು ಅವರು. ಗದ್ದುಗೆಯ ಮುಂದೆ ಅವರು ಬೇಡುವ ವರವನ್ನು ಕೇಳಿದರೆ ಎದೆ ನಡುಗುತ್ತದೆ: "ನನಗಿಂತ ಒಂದು ದಿನ ಮೊದಲು ಇವನನ್ನು ಕರೆದುಕೋ, ತಂದೆ." ಈ ಬೇಡಿಕೆ ಪ್ರೀತಿಯ ಕೊರತೆಯಿಂದ ಹುಟ್ಟಿದ್ದಲ್ಲ, ತನ್ನ ನಂತರದ ವ್ಯವಸ್ಥೆಯೇನೆಂದು ತಿಳಿಯದ ಭಯದಿಂದ ಹುಟ್ಟಿದ್ದು. ಆ ವ್ಯವಸ್ಥೆಯನ್ನು ಮಾಡಲು ದಾರಿಗಳಿವೆ. ಅವುಗಳನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹೆಚ್ಚಿದ ಆಯುಷ್ಯ, ಹೆಚ್ಚಿದ ಹೊಣೆ

ಡೌನ್ ಸಿಂಡ್ರೋಮ್, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಅಸಾಮರ್ಥ್ಯಗಳಿಂದ ಬಳಲುವ ಅನೇಕ ಮಕ್ಕಳು ಹಿಂದೆ ಎಳವೆಯಲ್ಲಿಯೇ ತೀರಿಕೊಳ್ಳುತ್ತಿದ್ದರು. ಇಂದು ಹೃದಯದ ಶಸ್ತ್ರಚಿಕಿತ್ಸೆ, ಸೋಂಕು ನಿವಾರಕ ಔಷಧಿಗಳು ದೊರೆಯುವುದರಿಂದ ಅವರಲ್ಲಿ ಬಹುಮಂದಿ ನಡುವಯಸ್ಸನ್ನು ದಾಟಿ ಬಾಳುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಮಗನಿಗೆ ನಲವತ್ತೈದಾಗುವಾಗ ತಾಯಿಗೆ ಎಪ್ಪತ್ತಾಗಿರುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಸಾಮಾನ್ಯ. ಮರೆವಿನ ಕಾಯಿಲೆಯೂ ಇತರರಿಗಿಂತ ಬೇಗನೆ ತಲೆದೋರುವುದುಂಟು. ಮಿದುಳಿನ ಪಾರ್ಶ್ವವಾಯು ಇರುವ ಅನೇಕರಿಗೆ ಮೂರ್ಛೆರೋಗದ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ. ಹೀಗೆ ಆರೈಕೆಯ ಅಗತ್ಯ ಏರುವ ಕಾಲವೂ ಆರೈಕೆ ಮಾಡುವ ಕೈಗಳ ಬಲ ಕುಂದುವ ಕಾಲವೂ ಒಂದೇ ಆಗುತ್ತದೆ.

ಹದಿನೆಂಟು ತುಂಬಿದ ಮೇಲೆ

ಮಗುವಿಗೆ 18 ವರ್ಷ ತುಂಬಿದೊಡನೆ ತಂದೆತಾಯಿಗಳ ಸಹಜ ಪಾಲಕತ್ವ ಕಾನೂನಿನ ದೃಷ್ಟಿಯಲ್ಲಿ ಮುಗಿಯುತ್ತದೆ ಎಂಬುದನ್ನು ಬಹಳ ಮಂದಿ ಅರಿಯರು. ಬ್ಯಾಂಕಿನಲ್ಲಿಯೋ ನೋಂದಣಿ ಕಚೇರಿಯಲ್ಲಿಯೋ ಸಹಿ ಬೇಕಾದಾಗ ಮಾತ್ರ ಇದು ಅರಿವಿಗೆ ಬರುತ್ತದೆ.

ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಅಸಾಮರ್ಥ್ಯ ಹಾಗೂ ಬಹುವಿಧ ವೈಕಲ್ಯ, ಈ ನಾಲ್ಕರ ಸಂಬಂಧವಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಇದರಂತೆ ಜಿಲ್ಲಾಧಿಕಾರಿಗಳು, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ ಹಾಗೂ ಒಬ್ಬ ವಿಕಲಚೇತನ ವ್ಯಕ್ತಿ ಸೇರಿದ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಇದಕ್ಕಾಗಿ ತಂದೆತಾಯಿಗಳು ಅಥವಾ ಬಂಧುಗಳು ಅರ್ಜಿ ಸಲ್ಲಿಸಬಹುದು. ನೇಮಕಗೊಂಡ ಪಾಲಕರು ಆರು ತಿಂಗಳೊಳಗೆ ಆಸ್ತಿ, ಸಾಲಗಳ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕಪತ್ರವನ್ನೂ ಸಲ್ಲಿಸಬೇಕು. ಪಾಲಕರು ಹಿಂಸಿಸಿದರೆ, ಅಲಕ್ಷಿಸಿದರೆ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿಕೊಂಡರೆ ಅವರನ್ನು ತೆಗೆದುಹಾಕುವಂತೆ ಕೋರಲು ಅವಕಾಶವಿದೆ. ಇದೇ ಕಾಯ್ದೆಯಿಂದ ರೂಪುಗೊಂಡ ಸಂಸ್ಥೆಯ 'ನಿರಾಮಯ' ಯೋಜನೆ ಈ ನಾಲ್ಕು ವರ್ಗದವರಿಗೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಒದಗಿಸುತ್ತದೆ.

ಸ್ಕಿಜೋಫ್ರೇನಿಯಾದಂತಹ ಮನೋರೋಗವಿರುವವರ ದಾರಿ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಅವರು ಸ್ವಸ್ಥರಾಗಿರುವಾಗಲೇ ತಮ್ಮ ಚಿಕಿತ್ಸೆಯ ವಿಷಯದಲ್ಲಿ ಪ್ರತಿನಿಧಿಯೊಬ್ಬರನ್ನು ತಾವೇ ಹೆಸರಿಸಬಹುದು. ಆದರೆ ಆ ಪ್ರತಿನಿಧಿಯ ಕಾರ್ಯ ಚಿಕಿತ್ಸೆಗೆ ಸಂಬಂಧಿಸಿದ್ದು; ಆಸ್ತಿಯ ನಿರ್ವಹಣೆ ಅದರಲ್ಲಿ ಸೇರುವುದಿಲ್ಲ.

ಆಸ್ತಿ ಬರೆದರೆ ಸಾಲದು

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ರೋಗ, ಊನ, ವೈಕಲ್ಯಗಳ ಕಾರಣದಿಂದ ಯಾರನ್ನೂ ಉತ್ತರಾಧಿಕಾರದಿಂದ ಹೊರಗಿಡುವಂತಿಲ್ಲವೆಂದು ಅದರ 28ನೆಯ ಕಲಂ ಸಾರುತ್ತದೆ. ಆದುದರಿಂದ "ಅವನಿಗೇಕೆ ಪಾಲು?" ಎಂಬ ಮಾತಿಗೆ ಕಾನೂನಿನ ಬೆಂಬಲವಿಲ್ಲ.

ಆದರೆ ಹೊಲವನ್ನು ನೇರವಾಗಿ ಮಗನ ಹೆಸರಿಗೆ ಬರೆದರೆ ಬೀಜ ತರುವವರು ಯಾರು, ಲಾವಣಿ ಹಣ ವಸೂಲು ಮಾಡುವವರು ಯಾರು? ತಿಳಿಯದೆ ಒತ್ತಿದ ಒಂದು ಹೆಬ್ಬೆಟ್ಟು ಎಲ್ಲವನ್ನೂ ಕಳೆಯಬಲ್ಲದು. ಇದಕ್ಕಂಜಿ ಹಲವರು ಆಸ್ತಿಯೆಲ್ಲವನ್ನೂ ಮತ್ತೊಬ್ಬ ಮಗನಿಗೆ ಬರೆದು, "ತಮ್ಮನನ್ನು ನೋಡಿಕೊಳ್ಳಪ್ಪ" ಎನ್ನುತ್ತಾರೆ. ಅಣ್ಣ ಸಜ್ಜನನೇ ಇರಬಹುದು. ಆತ ಸಾಲಕ್ಕೆ ಸಿಲುಕಿದರೆ, ಅಕಾಲದಲ್ಲಿ ತೀರಿಕೊಂಡರೆ, ಆಸ್ತಿ ಆತನ ಸಾಲಗಾರರಿಗೆ, ವಾರಸುದಾರರಿಗೆ ಸೇರುತ್ತದೆ. ಬಾಯಿಮಾತಿನ ವಚನ ಅವರನ್ನು ಕಟ್ಟುವುದಿಲ್ಲ.

ಖಾಸಗಿ ಟ್ರಸ್ಟ್

ಟ್ರಸ್ಟ್ ಎಂದೊಡನೆ ನಮ್ಮ ಭಕ್ತರಿಗೆ ನೆನಪಾಗುವುದು ಶಾಲೆ, ಪ್ರಸಾದನಿಲಯಗಳನ್ನು ನಡೆಸುವ ಸಾರ್ವಜನಿಕ ಸಂಸ್ಥೆ. ಒಂದು ಕುಟುಂಬ ತನ್ನ ಒಬ್ಬ ಸದಸ್ಯನ ಹಿತಕ್ಕಾಗಿಯೇ ರಚಿಸಬಹುದಾದ ಖಾಸಗಿ ಟ್ರಸ್ಟ್ ಕೂಡ ಇದೆ. 1882ರ ಭಾರತೀಯ ಟ್ರಸ್ಟುಗಳ ಕಾಯ್ದೆ ಅದಕ್ಕೆ ಆಧಾರ. ಇಲ್ಲಿ ತಂದೆತಾಯಿಗಳು ಹಣ ಅಥವಾ ಮನೆಯನ್ನು ಟ್ರಸ್ಟಿಗಳ ಕೈಗೆ ಒಪ್ಪಿಸುತ್ತಾರೆ. ಟ್ರಸ್ಟಿಗಳು ಅದನ್ನು ಪತ್ರದಲ್ಲಿ ಬರೆದಂತೆ ಮಗನಿಗಾಗಿ ಮಾತ್ರ ಬಳಸಬೇಕು. ಅದರಿಂದ ಸ್ವಂತ ಲಾಭ ಪಡೆಯುವಂತಿಲ್ಲ, ಲೆಕ್ಕ ಇಡಲೇಬೇಕು.

ಶರಣರ ದಾಸೋಹ ತತ್ತ್ವವನ್ನು ಅರಿತವರಿಗೆ ಇದು ಹೊಸದೇನಲ್ಲ. ಕೈಯಲ್ಲಿರುವ ಸಂಪತ್ತು ತನ್ನದಲ್ಲ, ತಾನು ಅದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವವನು ಮಾತ್ರ ಎಂಬ ಭಾವವೇ ಒಳ್ಳೆಯ ಟ್ರಸ್ಟಿಯ ಲಕ್ಷಣ.

ಟ್ರಸ್ಟನ್ನು ಬದುಕಿರುವಾಗಲೇ ರಚಿಸಬಹುದು, ಉಯಿಲಿನ ಮೂಲಕವೂ ರಚಿಸಬಹುದು. ಬದುಕಿರುವಾಗ ಸ್ಥಿರಾಸ್ತಿಯನ್ನು ಸೇರಿಸುವುದಾದರೆ ಲಿಖಿತ ಪತ್ರ ನೋಂದಣಿಯಾಗಲೇಬೇಕು. ಉದ್ದೇಶವೇನು, ಫಲಾನುಭವಿ ಯಾರು, ಆಸ್ತಿ ಯಾವುದು ಎಂಬುದು ಸ್ಪಷ್ಟವಾಗಿರಬೇಕು. "ನೋಡಿಕೊಳ್ಳುವನೆಂದು ಆಶಿಸುತ್ತೇನೆ" ಎಂಬಂತಹ ಮಾತನ್ನು ನಂಬಿ ಕೂರಬಾರದು. ಮಗನ ಕಾಲಾನಂತರ ಉಳಿದ ಆಸ್ತಿ ಯಾರಿಗೆ ಸೇರಬೇಕೆಂಬುದನ್ನೂ ಬರೆಯಬೇಕು. ಕೃಷಿ ಜಮೀನು, ಮುದ್ರಾಂಕ ಶುಲ್ಕ, ತೆರಿಗೆಗಳ ವಿಷಯದಲ್ಲಿ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಕಂಡೇ ಮುಂದುವರಿಯುವುದು ಕ್ಷೇಮ.

ಹಣವೆಲ್ಲ ಟ್ರಸ್ಟಿನಿಂದಲೇ ಬರಬೇಕಾಗಿಲ್ಲ. ಕೇಂದ್ರ ಸರ್ಕಾರಿ ನೌಕರರ ಕುಟುಂಬ ಪಿಂಚಣಿ, ದುಡಿದು ಬದುಕಲಾಗದ ವಿಕಲಚೇತನ ಮಗುವಿಗೆ ನಿಯಮಾನುಸಾರ ಜೀವನಪರ್ಯಂತ ಸಲ್ಲುತ್ತದೆ. ಪಿಂಚಣಿ ಪಡೆಯುವವರು ಮಗುವಿನ ವಿವರವನ್ನೂ ವೈಕಲ್ಯದ ಪ್ರಮಾಣಪತ್ರವನ್ನೂ ತಾವಿರುವಾಗಲೇ ಕಚೇರಿಗೆ ಸಲ್ಲಿಸಿಡಲಿ.

ಕೈಗಳು ಬೇರೆಯಾಗಿರಲಿ

ನಮ್ಮ ಮುಖ್ಯ ಸಲಹೆ ಇದು: ದಿನನಿತ್ಯ ಉಣಿಸಿ ತೊಡಿಸುವವರು ಮತ್ತು ಹಣವನ್ನು ಹಿಡಿದವರು ಒಬ್ಬರೇ ಆಗದಿರಲಿ. ಅಕ್ಕನ ಮನೆಯಲ್ಲಿ ವಾಸ, ಸೋದರಮಾವ ಹಾಗೂ ಕುಟುಂಬಕ್ಕೆ ಪರಿಚಿತರಾದ ಒಬ್ಬ ನಿವೃತ್ತ ಶಿಕ್ಷಕರ ಕೈಯಲ್ಲಿ ಟ್ರಸ್ಟ್, ಹೀಗೆ ಹೊಣೆ ಹಂಚಿಕೆಯಾದರೆ ಒಬ್ಬರ ಲೋಪ ಮತ್ತೊಬ್ಬರ ಕಣ್ಣಿಗೆ ಬೀಳುತ್ತದೆ. ಅಕ್ಕನಿಗೂ ಭಾರ ಹಗುರಾಗುತ್ತದೆ. ತಮ್ಮನ ಔಷಧಿಯ ಖರ್ಚಿಗೆ ಅವಳು ಗಂಡನ ಮನೆಯವರ ಮುಖ ನೋಡಬೇಕಾಗುವುದಿಲ್ಲ. ಟ್ರಸ್ಟಿಗಳಲ್ಲಿ ಒಬ್ಬರಾದರೂ ಕಿರಿಯ ವಯಸ್ಸಿನವರಿರಲಿ. ಒಬ್ಬರು ತೀರಿಕೊಂಡರೆ ಅವರ ಸ್ಥಾನಕ್ಕೆ ಯಾರು ಬರಬೇಕೆಂಬುದೂ ಪತ್ರದಲ್ಲಿರಲಿ. ಒಡಹುಟ್ಟಿದವರನ್ನು ಕೇಳದೆ ಅವರ ಹೆಸರನ್ನು ಬರೆಯಬಾರದು. ಅವರ ಮನಸ್ಸಿನಲ್ಲಿರುವ ಅಳುಕನ್ನೂ ಆಲಿಸಬೇಕು.

ಆರೈಕೆಯ ಪುಸ್ತಕ

ಯಾವ ಪತ್ರವೂ ತಾಯಿಯ ಅರಿವನ್ನು ದಾಟಿಸಲಾರದು. ಅದಕ್ಕೆ ಬೇಕಾದದ್ದು ಇನ್ನೂರು ಪುಟದ ಒಂದು ನೋಟುಪುಸ್ತಕ. ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು, ಒಗ್ಗದ ಔಷಧಿ, ಮೂರ್ಛೆ ಬರುವ ಮೊದಲಿನ ಲಕ್ಷಣ, ಚಿಕಿತ್ಸೆ ನೀಡುವ ವೈದ್ಯರು, ವಿಕಲಚೇತನರ ಗುರುತಿನ ಚೀಟಿ ಇಟ್ಟಿರುವ ಜಾಗ, ಇವೆಲ್ಲ ಅದರಲ್ಲಿರಲಿ. ಮಾತು ಬಾರದವರ ನೋವಿಗೆ ಬೇರೆಯೇ ಭಾಷೆಯುಂಟು. ಹಲ್ಲುನೋವಾದರೆ ತಲೆ ಚಚ್ಚಿಕೊಳ್ಳಬಹುದು, ಮಲಬದ್ಧತೆಯಾದರೆ ರೇಗಾಡಬಹುದು. ತಾಯಿಗೆ ಇದು ತಿಳಿದಿರುತ್ತದೆ. ತಿಳಿಯದವರು ಅದನ್ನು ಹಟವೆಂದು ಗದರಿಸುತ್ತಾರೆ.

ಸ್ನಾನವಾದ ಮೇಲೆ ವಿಭೂತಿ ಹಚ್ಚಿ ಲಿಂಗವನ್ನು ಅಂಗೈಯಲ್ಲಿಡದೆ ಅವನು ಉಣ್ಣುವುದಿಲ್ಲ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬೇಕು, ಕತ್ತಲೆಗೆ ಹೆದರುತ್ತಾನೆ, ಇವನ್ನೂ ಬರೆಯಿರಿ. ಅವನಿಗೆ ಇಷ್ಟವೇನೆಂದು ಅವನನ್ನೇ ಕೇಳಿ ಬರೆಯಿರಿ. ವರ್ಷಕ್ಕೊಮ್ಮೆ ತಿದ್ದಿರಿ. ವರ್ಷದಲ್ಲಿ ಕೆಲವು ದಿನ ಅವನನ್ನು ಅಕ್ಕನ ಮನೆಯಲ್ಲಿ ಬಿಟ್ಟು ಆ ಪುಸ್ತಕದಂತೆ ನಡೆಯುವುದೇ ಎಂದು ನೋಡಿರಿ. ಅಗಲಿಕೆಯ ಅಭ್ಯಾಸ ತಾಯಿಗೂ ಮಗನಿಗೂ ಅಗತ್ಯ.

ಪಾಲಕರ ನೇಮಕಕ್ಕೂ ಟ್ರಸ್ಟಿನ ಪತ್ರಕ್ಕೂ ತಿಂಗಳುಗಳು ಹಿಡಿಯಬಹುದು. ಪುಸ್ತಕದ ಮೊದಲ ಪುಟವನ್ನು ಇಂದು ರಾತ್ರಿಯೇ ಬರೆಯಬಹುದು. ಮುಂದಿನ ಹುಣ್ಣಿಮೆಗೆ ಶ್ರೀಮಠಕ್ಕೆ ಬರುವಾಗ ಆ ಪುಸ್ತಕವೂ ನಿಮ್ಮ ಜೊತೆಗಿರಲಿ. ಗದ್ದುಗೆಯ ಮುಂದೆ ಆಗ ಮಗನಿಗೆ ದೀರ್ಘಾಯುಷ್ಯವನ್ನೇ ಬೇಡುವಂತಾಗಲಿ ಎಂಬುದು ನಮ್ಮ ಹಾರೈಕೆ. ಶರಣು ಶರಣಾರ್ಥಿ.